25 ವ್ಯಾಟ್ ಸೆಟ್ಟು, ಮೀಟ್ರಲ್ಲಿ 4 ವ್ಯಾಟು: ಎಲ್ಲಿಂದ ಹುಡುಕ್ಲಿ?

ಮಳೆಗಾಡು ಜೀಪು · ಭಾನುವಾರ ರಾತ್ರಿ

ಎಲ್ರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯವ್ನು, ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಬಂದು ಎರಡು ವರ್ಷ ಆಯ್ತು. ಹೋದ ತಿಂಗಳು ಒಂದು ಹಳೇ ಕಮರ್ಷಿಯಲ್ ಮೊಬೈಲ್ ವಯರ್‌ಲೆಸ್ ಸೆಟ್ಟು (ಗಾಡೀಲಿ ಕೂರಿಸೋದು) ತಗೊಂಡೆ, ಯಾವ್ದೋ ಕಂಪನಿ ಗಾಡಿಲಿ ಇದ್ದಿದ್ದಂತೆ, 136ರಿಂದ 174 ಮೆಗಾಹರ್ಟ್ಸ್, 25 ವ್ಯಾಟ್ ಅಂತ ಹಿಂದುಗಡೆ ಸ್ಟಿಕ್ಕರಲ್ಲೇ ಇದೆ. 145ಕ್ಕೆ ಪ್ರೋಗ್ರಾಮ್ ಮಾಡಿಸಿ ಜೀಪಿಗೆ ಹಾಕ್ಕೊಂಡೆ. ಕೇಳೋದು ಚೆನ್ನಾಗೇ ಕೇಳತ್ತೆ, ಗುಡ್ಡದ ಮೇಲಿನ ರಿಪೀಟ್ರು (ನಮ್ಮ ಮಾತು ಹಿಡಿದು ಮತ್ತೆ ದೂರಕ್ಕೆ ಬಿಡೋ ಸ್ಟೇಷನ್ನು) ಫುಲ್ ಬಾರ್ ಬರತ್ತೆ. ಆದ್ರೆ ನಾನು ಮಾತಾಡಿದ್ರೆ "ನಿಮ್ದು ಬರೀ ಗುಸುಗುಸು, ಅರ್ಧ ಮಾತು ತಿಂದುಹೋಗ್ತಿದೆ" ಅಂತಾರೆ. ಮನೇಲಿದ್ದ ಪವರ್ ಮೀಟ್ರು ಹಾಕಿ ನೋಡಿದ್ರೆ 4 ವ್ಯಾಟು. ಒಂದೊಂದ್ಸಲ 5. ಅದಕ್ಕಿಂತ ಮೇಲೆ ಮುಳ್ಳು ಏಳೋದೇ ಇಲ್ಲ.

ಮಾರಿದವ್ರನ್ನ ಕೇಳಿದ್ರೆ "ನಮ್ಮತ್ರ ಇರೋವಾಗ ಸರಿ ಇತ್ತು" ಅಂತ ಅದೇ ಹಳೇ ಉತ್ರ. ಫೈನಲ್ (ಆಂಟೆನಾಗೆ ಪವರ್ ಕೊಡೋ ಕಡೇ ಟ್ರಾನ್ಸಿಸ್ಟರ್) ಹೋಗಿರ್ಬೋದಾ? ಎಲ್ಲಿಂದ ಶುರು ಮಾಡ್ಲಿ ಹೇಳಿ. ಸೋಲ್ಡ್ರಿಂಗ್ ಬರತ್ತೆ, ಮಲ್ಟಿಮೀಟ್ರಿದೆ, ಬೇರೆ ಎಂತ ಸಾಮಾನೂ ಇಲ್ಲ.

ಹೊಸ ಕಿವಿ · ಭಾನುವಾರ ರಾತ್ರಿ

ಗುರು, ಫೈನಲ್ ಟ್ರಾನ್ಸಿಸ್ಟರ್ರೇ. ನನ್ ಫ್ರೆಂಡಿಗೂ ಹಿಂಗೇ ಆಗಿತ್ತು. ಬೆಂಗ್ಳೂರು ಎಸ್‌ಪಿ ರೋಡಲ್ಲಿ ಸಿಗತ್ತೆ ಇಲ್ಲಾ ಆನ್‌ಲೈನಲ್ಲಿ ತರ್ಸು, ಬದ್ಲಾಯ್ಸು, ಮುಗೀತು.

ಹುಬ್ಬಳ್ಳಿ ವಯರ್‌ಲೆಸ್ · ಭಾನುವಾರ ರಾತ್ರಿ

ತಡೀರಿ ತಮ್ಮಾ, ಇನ್ನೂ ಕವರ್ ಬಿಚ್ಚಿಲ್ಲ, ಆಗ್ಲೇ ಆಪರೇಷನ್ನಿಗೆ ಹೊಂಟೀರಿ. ನಾ ಇಪ್ಪತ್ತೆಂಟು ವರ್ಷ ಗಾಡಿ ಸೆಟ್ ರಿಪೇರಿ ಮಾಡೀನಿ. ಪವರ್ ಕಮ್ಮಿ ಅಂತ ಬಂದ ಸೆಟ್ಟಿನಾಗ ಅರ್ಧಕ್ಕರ್ಧ ಸೆಟ್ಟಿಗೆ ಏನೂ ಆಗಿರಂಗಿಲ್ಲ, ಬ್ಯಾಟ್ರಿಯಿಂದ ಬರೋ ವಾಯರು, ಇಲ್ಲಾ ಆಂಟೆನಾ, ಇಲ್ಲಾ ನೋಡಾವರ ಮೀಟ್ರು. ಫೈನಲ್ ಪೂರಾ ಹೋದ್ರ ಬಹಳ ಸಲ ಸೊನ್ನೀನ ಬರ್ತೇತಿ, 4 ವ್ಯಾಟ್ ಬರಂಗಿಲ್ಲ.

ಜೀಪಿನವರ, ಮೂರು ಮಾತು ಹೇಳ್ರಿ. ಮೀಟ್ರು ಯಾವುದು, ಎಷ್ಟು ಮೆಗಾಹರ್ಟ್ಸಿಂದು? ಅಳತಿ ಮಾಡುವಾಗ ಮುಂದ ಡಮ್ಮಿ ಲೋಡ್ (ಆಂಟೆನಾ ಬದ್ಲಿ ಪವರ್ ನುಂಗೋ ರೆಸಿಸ್ಟರ್) ಇತ್ತೋ ಆಂಟೆನಾ ಇತ್ತೋ? ಕೀ (ಮಾತಾಡೂ ಗುಂಡಿ) ಒತ್ತಿದಾಗ ಸೆಟ್ಟಿನ ಹಿಂದ, ಸೆಟ್ಟಿನ ಹಿಂದ ಅಂದ್ರ ಬ್ಯಾಟ್ರಿ ಮ್ಯಾಲಲ್ಲ, ವೋಲ್ಟೇಜ್ ಎಷ್ಟೈತಿ?

ಇನ್ನೊಂದು, ಕಮರ್ಷಿಯಲ್ ಸೆಟ್ಟಿನಾಗ ಹೈ ಪವರ್ ಲೋ ಪವರ್ ಚಾನೆಲ್ಲಿಗೊಂದು ಬ್ಯಾರೆ ಬ್ಯಾರೆ ಪ್ರೋಗ್ರಾಮ್ ಆಗಿರ್ತೇತಿ. ನಿಮಗ ಪ್ರೋಗ್ರಾಮ್ ಮಾಡಿಕೊಟ್ಟವರು ಲೋ ಅಂತ ಬಿಟ್ಟಿದ್ರ ನೀವು ವರ್ಷಗಟ್ಲೆ ಹುಡುಕಿದ್ರೂ ಏನೂ ಸಿಗಂಗಿಲ್ಲ.

ಬಂದರು ರೇಡಿಯೊ · ಸೋಮವಾರ ಬೆಳಗ್ಗೆ

ಹ್ಹ ಹ್ಹ, ಕಡೇ ಮಾತು ಹೇಳಿದ್ರಲ್ಲ, ಅದಕ್ಕೊಂದು ಕಥೆ ಉಂಟು ನನ್ನತ್ರ. ನಾನು ಮಲ್ಪೆಯಲ್ಲಿ ಬೋಟಿನ ಸೆಟ್ಟುಗಳ ಕೆಲಸ ಮಾಡುದು. ಮೆರೈನ್ ವಿಎಚ್‌ಎಫ್ 25 ವ್ಯಾಟಿಂದು, ಬಟನ್ ಒತ್ತಿದ್ರೆ 1 ವ್ಯಾಟ್, ಅಷ್ಟೇ ಎರಡು ಲೆವೆಲ್. ಒಬ್ರು ತಾಂಡೇಲ್ರು (ಬೋಟ್ ನಡೆಸುವವ್ರು) ಬಂದು "ಸೆಟ್ಟು ಹಾಳಾಗಿದೆ, ಬಂದರಿನ ಬಾಯಿ ದಾಟಿದ ಕೂಡ್ಲೇ ನನ್ನ ಸ್ವರ ಯಾರಿಗೂ ಕೇಳುದಿಲ್ಲ" ಅಂತ ಹೊಸ ಸೆಟ್ಟೇ ಕೊಡಿ ಅಂತ ಕೂತಿದ್ರು. ನಾನು ಮೀಟರ್ ಇಟ್ಟು ನೋಡಿದೆ, 16ನೇ ಚಾನೆಲಿನಲ್ಲಿ 25 ವ್ಯಾಟ್ ಸರಿಯಾಗಿ ಬರ್ತಾ ಉಂಟು. ಮತ್ತೆ ಕೇಳಿದ್ರೆ ಅವ್ರು ಅವ್ರ ಜೊತೆ ಬೋಟಿನವ್ರು ಸೇರಿ ಯಾರೂ ಇಲ್ಲದ ಚಾನೆಲ್ ಅಂತ 17 ಹಿಡಿದಿದ್ರಂತೆ. 15 ಮತ್ತು 17 ಹಡಗಿನ ಒಳಗೆ ಮಾತಾಡ್ಲಿಕ್ಕೆ ಅಂತ ಇಟ್ಟದ್ದು, ಅದ್ರಲ್ಲಿ 1 ವ್ಯಾಟೇ ಮಿತಿ, ಸೆಟ್ಟು ತಾನೇ ಕಡಿಮೆ ಮಾಡ್ತದೆ. ಚಾನೆಲ್ ಬದಲಿಸಿಕೊಟ್ಟೆ, ದುಡ್ಡು ತಗೊಳ್ಲಿಲ್ಲ, ಬಂಗುಡೆ ಕೊಟ್ರು.

ಜೀಪಿನವ್ರೆ, ಮೊದ್ಲು ಅದನ್ನೇ ನೋಡಿ ಮಾರಾಯ್ರೆ.

ಮಳೆಗಾಡು ಜೀಪು · ಸೋಮವಾರ ರಾತ್ರಿ

ಪ್ರೋಗ್ರಾಮ್ ಮಾಡಿದವ್ರಿಗೆ ಫೋನ್ ಮಾಡಿದೆ, ಫೈಲ್ ತೆಗೆದು ನೋಡಿ ಹೈ ಅಂತಲೇ ಇದೆ ಅಂದ್ರು. ಹಂಗಾಗಿ ಬಂಗುಡೆ ಇಲ್ಲ.

ಮೀಟ್ರು ನಮ್ಮಣ್ಣಂದು, ಎಷ್ಟೋ ಹಳೇದು, ಮುಂದುಗಡೆ "3ರಿಂದ 30 ಮೆಗಾಹರ್ಟ್ಸ್" ಅಂತ ಬರ್ದಿದೆ. ಅದು ತಪ್ಪಾ? ಡಮ್ಮಿ ಲೋಡ್ ಇಲ್ಲ, ಆಂಟೆನಾ ಮೇಲೇ ನೋಡಿದ್ದು.

ವೋಲ್ಟೇಜ್ ನೋಡಿದೆ. ಎಂಜಿನ್ ಆಫ್, ಬ್ಯಾಟ್ರಿ ಮೇಲೆ 12.5. ಸೆಟ್ಟಿನ ಹಿಂದಿನ ಪ್ಲಗ್ಗಿನ ಹತ್ರ ಸುಮ್ನಿರೋವಾಗ 12.4. ಕೀ ಒತ್ತಿದ್ರೆ 10.3!! ಬ್ಯಾಟ್ರಿ ಮೇಲೆ ಅದೇ ಟೈಮಲ್ಲಿ 12.5ರ ಹತ್ರಾನೇ ನಿಂತಿತ್ತು, ಹೆಂಡ್ತಿ ಕೈಲಿ ಪಿಟಿಟಿ (ಮಾತಾಡೋ ಬಟನ್) ಒತ್ಸಿ ಎರಡು ಕಡೇನೂ ನೋಡಿದೆ. ಹಾಗಾದ್ರೆ ಇದೇ ಅಲ್ವಾ ಪ್ರಾಬ್ಲಮ್ಮು?

ಹುಬ್ಬಳ್ಳಿ ವಯರ್‌ಲೆಸ್ · ಸೋಮವಾರ ರಾತ್ರಿ

ಒಂದು ಪ್ರಾಬ್ಲಮ್ ಸಿಕ್ತು ಅನ್ರಿ. ಇದ ಪ್ರಾಬ್ಲಮ್ ಅಂತ ನಾ ಅನ್ನಂಗಿಲ್ಲ.

2.2 ವೋಲ್ಟ್ ದಾರ್‍ಯಾಗ ಎಲ್ಲೋ ಉಳೀಲಿಕ್ಕತ್ತೇತಿ. 25 ವ್ಯಾಟಿನ ಸೆಟ್ಟು ಕೀ ಒತ್ತಿದಾಗ 7 ಆಂಪ್ಸ್ ಹತ್ರ ಎಳೀತೇತಿ, ಅಂದ್ರ ದಾರ್‍ಯಾಗ 0.3 ಓಮ್ ಕುಂತೈತಿ. ಮಲ್ಟಿಮೀಟ್ರು ಓಮ್ಸಿನಾಗ ಇಟ್ಟು ಹುಡುಕಿದ್ರ ಸಿಗಂಗಿಲ್ಲ, ಅದರ ಪ್ರೋಬಿನ ವಾಯರ್ದ ಅಷ್ಟಿರ್ತೇತಿ. ವೋಲ್ಟಿನಾಗ ಇಟ್ಕೊಂಡು, ಕೀ ಒತ್ತಿಸಿ, ತುಂಡು ತುಂಡಾಗಿ ನೋಡ್ಕೋತ ಹೋಗ್ರಿ. ಫ್ಯೂಸ್ ಹೋಲ್ಡರಿನ ಈ ಕಡೆ ಒಂದು ಪ್ರೋಬು ಆ ಕಡೆ ಒಂದು ಪ್ರೋಬು. ಆಮ್ಯಾಲ ಪ್ಲಸ್ ವಾಯರಿನ ಎರಡು ತುದಿ. ಆಮ್ಯಾಲ ಬ್ಯಾಟ್ರಿ ಮೈನಸ್ಸಿಂದ ಸೆಟ್ಟಿನ ಬಾಡಿ. ಎಲ್ಲಿ ವೋಲ್ಟ್ ಕಾಣ್ತೇತೋ ಅಲ್ಲೇ ಕಳ್ಳ ಅದಾನ.

ಮೀಟ್ರು ಅಣ್ಣಗ ವಾಪಸ್ ಕೊಡ್ರಿ. ಅದು ಎಚ್‌ಎಫ್‌ಗೆ, ಅಂದ್ರ 3ರಿಂದ 30 ಮೆಗಾಹರ್ಟ್ಸಿಗೆ, ಮಾಡಿದ್ದು. ಒಳಗಿನ ಕಪ್ಲರು (ಹೊಂಟ ಪವರಿನಾಗ ಚೂರು ತಗದು ಅಳತಿಗೆ ಕೊಡೂದು) 145ರಾಗ ಏನ್ ತೋರಿಸ್ತೇತಿ ಅಂತ ಅದಕ್ಕೂ ಗೊತ್ತಿರಂಗಿಲ್ಲ, ಹೆಚ್ಚೂ ತೋರಿಸ್ಬೌದು ಕಮ್ಮೀನೂ ತೋರಿಸ್ಬೌದು. ಒಳ್ಳೇ ಬರ್ಡ್ 43 ಮೀಟ್ರಿಗೇ ಫುಲ್ ಸ್ಕೇಲಿನ ಶೇಕಡಾ 5 ಆಚೀಚೆ ಅಂತ ಅವ್ರೇ ಬರದಾರ, ಅಂದ್ರ 50 ವ್ಯಾಟಿನ ಎಲಿಮೆಂಟ್ (ಅಳತಿ ಮಿತಿ ಗೊತ್ತು ಮಾಡೋ ಬಿಲ್ಲೆ) ಹಾಕಿದ್ರ ಎರಡೂವರೆ ವ್ಯಾಟ್ ಎಲ್ಲಿ ಬೇಕಾದ್ರೂ ಹೋಗ್ಬೌದು. ಇನ್ನ ನಿಮ್ಮ ಅಣ್ಣಂದು.

ಹೊಸ ಕಿವಿ · ಸೋಮವಾರ ರಾತ್ರಿ

ಸರ್ ಒಂದು ಡೌಟು. ವೋಲ್ಟೇಜು ಸೆಟ್ಟಿನ ಮಾಮೂಲಿ 13.8ರಿಂದ 10.3ಕ್ಕೆ ಬಂದ್ರೆ ಪವರ್ರು ವೋಲ್ಟಿನ ಸ್ಕ್ವೇರಿನ ಲೆಕ್ಕದಲ್ಲಿ ಬೀಳತ್ತೆ ಅಂತ ಎಎಸ್‌ಒಸಿ (ಹ್ಯಾಮ್ ಲೈಸೆನ್ಸಿನ) ಎಕ್ಸಾಮಿಗೆ ಓದಿದ್ದೆ. ಹಾಕಿ ನೋಡಿದ್ರೆ 25 ಹೋಗಿ 14 ಆಗತ್ತೆ. 4 ಹೆಂಗಾಯ್ತು?

ಹುಬ್ಬಳ್ಳಿ ವಯರ್‌ಲೆಸ್ · ಸೋಮವಾರ ರಾತ್ರಿ

ಶಾಣ್ಯಾ ಅದೀರಿ. ಅದಕ್ಕ ನಾ ಇದ ಪ್ರಾಬ್ಲಮ್ ಅನ್ನಂಗಿಲ್ಲ ಅಂದಿದ್ದು. ಕಮರ್ಷಿಯಲ್ ಸೆಟ್ಟಿನಾಗ ಎಪಿಸಿ ಅಂತ ಇರ್ತೇತಿ, ಪವರ್ ತಾನ ಹಿಡಿದು ನಿಲ್ಲಸೋ ಸರ್ಕ್ಯೂಟ್. ಆಂಟೆನಾ ಕಡೆ ಹೊಂಟ ಪವರಿನಾಗ ಒಂದ್ ಚೂರು ಕದ್ದು, ಡಯೋಡಿನಿಂದ ಡಿಸಿ ಮಾಡಿ, ಇಷ್ಟು ಬೇಕು ಇಷ್ಟೈತಿ ಅಂತ ಹೋಲಿಸಿ ಫೈನಲ್ಲಿನ ಗೇಟಿನ ವೋಲ್ಟೇಜ್ ಏರಿಸೂದು ಇಳಿಸೂದು ಮಾಡ್ತೇತಿ. ಹಂಗಾಗಿ ಬ್ಯಾಟ್ರಿ ಸ್ವಲ್ಪ ಇಳದ್ರೂ ಸೆಟ್ಟು ತಡಕೋತೇತಿ, 14ರಕಿಂತ ಹೆಚ್ಚ ಬರ್ಬೇಕಿತ್ತು. ಒಳಗ ಇನ್ನೊಂದು ಐತಿ. ಆದ್ರ ವಾಯರ್ ಸರಿ ಮಾಡ್ದ ಒಳಗ ಕೈ ಹಾಕಬಾರದು, ಎರಡು ರೋಗ ಕೂಡಿದ್ರ ಯಾವ ಲಕ್ಷಣ ಯಾವುದರದ್ದು ಅಂತ ತಿಳಿಯಂಗಿಲ್ಲ.

ಮಳೆಗಾಡು ಜೀಪು · ಬುಧವಾರ ರಾತ್ರಿ

ಸರ್ ಹೇಳಿದ ಹಾಗೆ ತುಂಡು ತುಂಡಾಗಿ ನೋಡಿದೆ. ಫ್ಯೂಸ್ ಹೋಲ್ಡರ್ ಒಂದ್ರಲ್ಲೇ 0.8 ವೋಲ್ಟು. ಪ್ಲಸ್ ವಾಯರಲ್ಲಿ 0.5. ಮೈನಸ್ ಕಡೆ 0.9, ಅದು ಹಳೇ ಓನರ್ರು ಬಾಡಿಗೆ ಒಂದು ಸ್ಕ್ರೂ ಬಿಗಿದು ಅರ್ಥಿಂಗ್ ಕೊಟ್ಟಿದ್ರು, ಪೇಂಟ್ ಕೂಡ ಕೆರೆದಿರ್ಲಿಲ್ಲ, ಸ್ಕ್ರೂ ತಿರುಗ್ಸಿದ್ರೆ ತುಕ್ಕು ಪುಡಿ ಉದುರ್ತು. ಕೂಡಿಸಿದ್ರೆ ಸರಿಯಾಗಿ 2.2 ಬಂತು, ನನಗೇ ಖುಷಿ ಆಯ್ತು.

ಫ್ಯೂಸ್ ಹೋಲ್ಡರ್ ಬಿಚ್ಚಿದ್ರೆ ನೋಡ್ಬೇಕಿತ್ತು. ಆ ಟ್ಯೂಬಿನ ತರದ್ದು, ಒಳಗಡೆ ಸ್ಪ್ರಿಂಗು, ಗಾಜಿನ ಫ್ಯೂಸು. ಸ್ಪ್ರಿಂಗ್ ಕಡೆ ಪ್ಲಾಸ್ಟಿಕ್ಕು ಬೆಂದು ಬೆಲ್ಲದ ಬಣ್ಣ ಆಗಿದೆ, ಫ್ಯೂಸಿನ ಟೋಪಿ ಹಸಿರು ಪಾಚಿ. ಫ್ಯೂಸೇನೋ ಹೋಗಿಲ್ಲ! ನಮ್ಮ ಮಳೆಗೆ ಇನ್ನೇನಾಗತ್ತೆ ಹೇಳಿ, ಆರು ತಿಂಗ್ಳು ಜೀಪು ಒಣಗೋದೇ ಇಲ್ಲ.

ಈಗ 4 ಸ್ಕ್ವೇರ್ ಎಂಎಂ ವಾಯರು ತಂದು ಪ್ಲಸ್ಸು ಮೈನಸ್ಸು ಎರಡನ್ನೂ ಸೀದಾ ಬ್ಯಾಟ್ರಿಯಿಂದ ಎಳೆದೆ, ಬ್ಯಾಟ್ರಿ ಹತ್ರಾನೇ ಬ್ಲೇಡ್ ಫ್ಯೂಸು. ಕೀ ಒತ್ತಿದ್ರೆ ಎರಡೂ ಸೇರಿ 0.3 ವೋಲ್ಟು ಮಾತ್ರ ಬೀಳತ್ತೆ, ಎಂಜಿನ್ ಸ್ಟಾರ್ಟ್ ಇದ್ರೆ ಸೆಟ್ಟಿನ ಹಿಂದೆ 13.4.

ಶಿವಮೊಗ್ಗದ ಒಬ್ಬ ಹಿರಿಯ ಹ್ಯಾಮ್ ಹತ್ರ ಹೋಗಿ ವಿಎಚ್‌ಎಫ್ ಮೀಟ್ರು, ಡಮ್ಮಿ ಲೋಡು ಎರಡೂ ತಂದೆ. ಡಮ್ಮಿ ಲೋಡ್ ಮೇಲೆ 9 ವ್ಯಾಟು. ಮೊದ್ಲು ನಿಜವಾಗ್ಲೂ ಎಷ್ಟಿತ್ತೋ ದೇವ್ರಿಗೇ ಗೊತ್ತು. ಆದ್ರೆ 25 ಅಂತೂ ಇಲ್ಲ.

ಬಂದರು ರೇಡಿಯೊ · ಬುಧವಾರ ರಾತ್ರಿ

ಡಮ್ಮಿ ಲೋಡ್ ಮೇಲೆಯೂ 9 ಅಂದ್ರೆ ಆಂಟೆನಾ, ಕೇಬಲ್ ತಪ್ಪು ಇದಕ್ಕೆ ಸಂಬಂಧ ಇಲ್ಲ, ಅದು ಕ್ಲಿಯರ್ ಆಯ್ತು. ಆದ್ರೂ ಅವನ್ನು ಒಮ್ಮೆ ಬಿಚ್ಚಿ ನೋಡಿ, ನಮ್ಮ ಕಡೆ ಪಿಎಲ್ 259 (ಆಂಟೆನಾ ಕೇಬಲಿನ ತುದಿಯ ಕನೆಕ್ಟರ್) ಬಿಚ್ಚಿದ್ರೆ ಒಳಗೆ ಉಪ್ಪು ಉಪ್ಪು, ಕೇಬಲಿನ ಜಾಲರಿ ತಾಮ್ರದ ಬಣ್ಣ ಹೋಗಿ ಕಪ್ಪು ಮಸಿ ಆಗಿರ್ತದೆ, ಒಂದಡಿ ಕತ್ತರಿಸಿದ್ರೂ ಕಪ್ಪು, ಎರಡಡಿ ಕತ್ತರಿಸಿದ್ರೂ ಕಪ್ಪು. ನೀರು ಜಾಲರಿ ಹಿಡಿದುಕೊಂಡು ಒಳಗೆ ಹತ್ತುದು, ದೀಪದ ಬತ್ತಿಯಲ್ಲಿ ಎಣ್ಣೆ ಹತ್ತಿದ ಹಾಗೆ. ಅಂಥ ಕೇಬಲನ್ನು ರಿಪೇರಿ ಮಾಡ್ಲಿಕ್ಕೆ ಹೋಗ್ಬೇಡಿ, ಬಿಸಾಡಿ.

ಹೊಸ ಕಿವಿ · ಬುಧವಾರ ರಾತ್ರಿ

ಈಗ್ಲಾದ್ರೂ ಫೈನಲ್ಲು? 😄 ಇಲ್ಲಾ ಸಾಫ್ಟ್‌ವೇರಲ್ಲಿ ಪವರ್ ಅಡ್ಜಸ್ಟ್‌ಮೆಂಟ್ ಇರತ್ತಲ್ಲ ಅದನ್ನ ಏರ್ಸಿದ್ರೆ ಆಗಲ್ವಾ?

ಹುಬ್ಬಳ್ಳಿ ವಯರ್‌ಲೆಸ್ · ಗುರುವಾರ ಬೆಳಗ್ಗೆ

ಏರಿಸಬ್ಯಾಡ್ರಿ! ಮದ್ಲು ಎಷ್ಟಿತ್ತು ಅನ್ನೂದು ಬರದಿಟ್ಕೊಳ್ದ ಆ ಸ್ಲೈಡರ್ ಮುಟ್ಟಿದ ಮಂದಿ ಭಾಳ ಅದಾರ. ಸೋರೋ ಕೊಡಕ್ಕ ಇನ್ನೊಂದು ಕೊಡ ನೀರ್ ಹಾಕಿದಂಗ ಅದು.

ಈಗ ಆಂಪ್ಸ್ ನೋಡ್ರಿ. ಡಮ್ಮಿ ಲೋಡ್ ಇಟ್ಟು ಕೀ ಒತ್ತಿದಾಗ ಸೆಟ್ಟು ಎಷ್ಟು ಕರೆಂಟ್ ಎಳೀತೇತಿ. ನನ್ನ ಕೇಳಿದ್ರ ವ್ಯಾಟ್ ಮೀಟ್ರಿಗಿಂತ ಆಂಪ್ಸ್ ಮೀಟ್ರು ಹೆಚ್ಚು ಖರೆ ಹೇಳ್ತೇತಿ. ಯಾಕಂದ್ರ, 9 ವ್ಯಾಟ್ ಬರಾಕತ್ತೇತಿ, ಕರೆಂಟ್ ಬರೇ 3 ಆಂಪ್ಸ್ ಅಂದ್ರ ಫೈನಲ್ ದುಡೀಲಿಕ್ಕತ್ತಿಲ್ಲ, ಅದರ ಹಿಂದಿನ ಡ್ರೈವರ್ ಹಂತದಿಂದ ಅದಕ್ಕ ಸಿಗ್ನಲ್ ಬರ್ತಿಲ್ಲ, ಇಲ್ಲಾ ಎಪಿಸಿ ಹಗ್ಗ ಜಗ್ಗಿ ಹಿಡಿದೈತಿ. ಬಿಸಿ ಆಗೇತಿ ಅಂತ ಥರ್ಮಿಸ್ಟರ್ ಹೇಳಿರ್ಬೌದು, ಪವರ್ ತಿರುಗಿ ಬರಾಕತ್ತೇತಿ ಅಂತ ರಿಫ್ಲೆಕ್ಟೆಡ್ ಡಯೋಡ್ ಹೇಳಿರ್ಬೌದು. ಕರೆಂಟ್ 7 ಆಂಪ್ಸ್ ಐತಿ, ಪವರ್ 9 ಅಂದ್ರ ಕತಿನ ಬ್ಯಾರೆ. ಆಳು ದುಡೀಲಿಕ್ಕತ್ತಾನ, ಪಗಾರ ಮನಿಗೆ ಬರಾಕತ್ತಿಲ್ಲ, ನಡುವ ಯಾರೋ ತಿನ್ನಾಕತ್ತಾರ.

ಮಳೆಗಾಡು ಜೀಪು · ಗುರುವಾರ ರಾತ್ರಿ

ಇವತ್ತು ಒಂದು ಮಂಗ ಆದ ಕಥೆ ಮೊದ್ಲು. ಪಕ್ಕದ ಮನೆ ಎಲೆಕ್ಟ್ರಿಷಿಯನ್ ಹತ್ರ ಕ್ಲಾಂಪ್ ಮೀಟ್ರು ಇಸ್ಕೊಂಡು ಬಂದು ವಾಯರಿಗೆ ಹಾಕಿದೆ. ಸೊನ್ನೆ. ಕೀ ಒತ್ತಿದೆ, ಸೊನ್ನೆ. ಸೆಟ್ಟು ಗಾಳೀಲೇ ಓಡ್ತಿದೆ ಅಂತ ಕಾಲು ಗಂಟೆ ತಲೆ ಕೆರ್ಕೊಂಡೆ. ಆಮೇಲೆ ಅವ್ನೇ ಬಂದು "ಅಣ್ಣ ಇದು ಎಸಿ ಮಾತ್ರ ಅಳೆಯೋದು" ಅಂದ.

ಮಲ್ಟಿಮೀಟ್ರಿನ 10 ಆಂಪ್ಸ್ ತೂತಿಗೆ ಹಾಕಿ ಐದೈದು ಸೆಕೆಂಡು ಒತ್ತಿ ನೋಡಿದೆ. 8.1 ಆಂಪ್ಸ್!! ಪವರ್ ಅದೇ 9 ವ್ಯಾಟು. ಹೀಟ್ ಸಿಂಕು ಅರ್ಧ ನಿಮಿಷಕ್ಕೇ ಕಾಫಿ ಲೋಟ ಹಿಡ್ಕೊಂಡ ಹಾಗೆ.

ಹುಬ್ಬಳ್ಳಿ ವಯರ್‌ಲೆಸ್ · ಗುರುವಾರ ರಾತ್ರಿ

ಸಿಕ್ಕ ಮಗ. 13 ವೋಲ್ಟ್, 8 ಆಂಪ್ಸ್, ನೂರು ವ್ಯಾಟಿನ ಮ್ಯಾಲ ಒಳಗ ಹೊಂಟೇತಿ, 9 ಹೊರಗ ಬರಾಕತ್ತೇತಿ. 25 ಕೊಡೋ ಒಳ್ಳೇ ಸೆಟ್ಟಿಗಿಂತ ಇದು ಹೆಚ್ಚ ತಿನ್ನಾಕತ್ತೇತಿ. ಎಪಿಸಿ "ಕಮ್ಮಿ ಐತಿ ಕಮ್ಮಿ ಐತಿ" ಅಂತ ಫೈನಲ್ಲಿನ ಕಿವಿ ಹಿಂಡಾಕತ್ತೇತಿ, ಪಾಪ ಅದು ಕೊಡಾಕತ್ತೇತಿ, ಎಪಿಸಿ ನೋಡೋ ಜಾಗಾಕ್ಕ ಮುಟ್ಟೂದ್ರೊಳಗ ಮಾಯ. ಸರ್ವಿಸ್ ಮ್ಯಾನ್ಯುಯಲ್ ಐತೇನ್ರಿ? ಫೈನಲ್ ಆದಮ್ಯಾಲ ಸಾಕೆಟ್ ತನಕ ಏನೇನೈತಿ ಸಾಲಾಗಿ ಓದಿ ಹೇಳ್ರಿ. ದೀರ್ಘ ಕೀ ಒತ್ತಬ್ಯಾಡ್ರಿ ಇನ್ನ.

ಮಳೆಗಾಡು ಜೀಪು · ಗುರುವಾರ ರಾತ್ರಿ

ಪಿಡಿಎಫ್ ಸಿಕ್ತು. ಫೈನಲ್, ಅದಾದ್ಮೇಲೆ ಎರಡು ಪಿನ್ ಡಯೋಡಿನ ಆಂಟೆನಾ ಸ್ವಿಚ್ಚು, ಆಮೇಲೆ ಲೋ ಪಾಸ್ ಫಿಲ್ಟ್ರು (ಮೇಲಿನ ಬೇಡದ ಫ್ರೀಕ್ವೆನ್ಸಿ ತಡೆಯೋದು), ಆಮೇಲೆ ಪವರ್ ನೋಡೋ ಕಪ್ಲರು, ಆಮೇಲೆ ಸಾಕೆಟ್ಟು.

ಬಂದರು ರೇಡಿಯೊ · ಗುರುವಾರ ರಾತ್ರಿ

ಒಂದು ಯೋಚನೆ ಮಾಡಿ. ಫಿಲ್ಟರು, ಕಪ್ಲರು, ಸಾಕೆಟ್ಟು, ಇದೆಲ್ಲ ರಿಸೀವಿಗೂ ಅದೇ ದಾರಿ. ಅಲ್ಲಿ ಕೆಟ್ಟಿದ್ರೆ ಕೇಳುದೂ ಮಂಕಾಗ್ಬೇಕು. ಆದ್ರೆ ರಿಪೀಟರ್ ಫುಲ್ ಬರ್ತದೆ ಅಂತ ನಂಬ್ಲಿಕ್ಕೆ ಹೋಗ್ಬೇಡಿ, ಅದು ಅಷ್ಟು ಜೋರಿರ್ತದೆ, 6 ಡಿಬಿ ಕಡಿಮೆ ಆಗಿ ಕಾಲು ಭಾಗಕ್ಕೆ ಇಳಿದ್ರೂ ಫುಲ್ಲೇ ತೋರಿಸ್ತದೆ. ದೂರದ, ಅರ್ಧಂಬರ್ಧ ಕೇಳುವ ಸ್ಟೇಷನ್ ಹಿಡಿದು, ಪಕ್ಕದಲ್ಲಿ ಇನ್ನೊಂದು ಸೆಟ್ ಇಟ್ಟು ಅದೇ ಆಂಟೆನಾ ಬದಲಿಸಿ ಬದಲಿಸಿ ಕೇಳಿ ನೋಡಿ.

ಮಳೆಗಾಡು ಜೀಪು · ಶುಕ್ರವಾರ ರಾತ್ರಿ

ಕೇಳಿದೆ. ಕೈಯಲ್ಲಿ ಹಿಡಿಯೋ ಸೆಟ್ಟಿಗೆ ಅದೇ ಆಂಟೆನಾ ಹಾಕಿದ್ರೆ ಗರಗರ ಕೇಳೋ ಸ್ಟೇಷನ್ನು ಇದ್ರಲ್ಲಿ ಇನ್ನೂ ಚೂರು ಚೆನ್ನಾಗೇ ಕೇಳತ್ತೆ. ರಿಸೀವ್ ಮಂಕಿಲ್ಲ.

ಹುಬ್ಬಳ್ಳಿ ವಯರ್‌ಲೆಸ್ · ಶುಕ್ರವಾರ ರಾತ್ರಿ

ಹಂಗಾರ ಫಿಲ್ಟ್ರು ಸಾಕೆಟ್ಟು ಬಿಟ್ಟಾಕ್ರಿ. ಉಳಿದಿದ್ದು ಪಿನ್ ಡಯೋಡ್.

ಹೊಸಬರಿಗೆ ಹೇಳ್ತೀನಿ. ಮದ್ಲಿನ ಸೆಟ್ಟಿನಾಗ ಕೀ ಒತ್ತಿದ್ರ ರಿಲೇ ಟಕ್ ಅಂತಿತ್ತು, ಆಂಟೆನಾನ ರಿಸೀವರಿಂದ ಬಿಡಿಸಿ ಫೈನಲ್ಲಿಗೆ ಹಚ್ಚತಿತ್ತು. ಈಗ ಆ ಕೆಲಸ ಪಿನ್ ಡಯೋಡ್ ಮಾಡ್ತೇತಿ. ಅದರಾಗ ಡಿಸಿ ಕರೆಂಟ್ ಹರಿಸಿದ್ರ ಆರ್‌ಎಫ್‌ಗೆ (ರೇಡಿಯೊ ಸಿಗ್ನಲ್ಲಿಗೆ) ಬಾಗಲಾ ತೆರದಂಗ, ಒಂದು ಓಮಿಗಿಂತ ಕಮ್ಮಿ. ಹರಸ್ಲಿಲ್ಲಂದ್ರ ಮುಚ್ಚಿದಂಗ. ಕೀ ಒತ್ತಿದಾಗ ಟ್ರಾನ್ಸ್‌ಮಿಟ್ಟಿನ 8 ವೋಲ್ಟು ಒಂದು ರೆಸಿಸ್ಟರು, ಒಂದು ಚೋಕು (ಡಿಸಿ ದಾಟಿಸಿ ಆರ್‌ಎಫ್ ತಡಿಯೋ ಕಾಯಿಲ್) ದಾಟಿ ಡಯೋಡಿಗೆ ಬರ್ತೇತಿ. ಆ ಕರೆಂಟ್ ಕಮ್ಮಿ ಆದ್ರ ಬಾಗಲಾ ಅರ್ಧಾ ತೆರದಂಗ, ಫೈನಲ್ಲಿನ ಪವರೆಲ್ಲಾ ಬಾಗಲದಾಗ ತಿಕ್ಕಾಡಿ ಬಿಸಿಯಾಗಿ ಹೋಗ್ತೇತಿ. ಕೇಳುವಾಗ ಆ ಬಾಗಲಾ ಮುಚ್ಚೇ ಇರ್ಬೇಕು, ಅದಕ್ಕ ರಿಸೀವಿಗೆ ಏನೂ ಆಗಂಗಿಲ್ಲ. ನಿಮ್ಮ ಎಲ್ಲಾ ಲಕ್ಷಣ ಕೂಡಿದ್ವು ನೋಡ್ರಿ.

ಕವರ್ ತಗದು ಡಮ್ಮಿ ಲೋಡ್ ಹಾಕಿ ಹತ್ತು ಸೆಕೆಂಡು ಕೀ ಒತ್ತಿ, ಸೆಟ್ ಆಫ್ ಮಾಡಿ, ಆಮ್ಯಾಲ ಡಯೋಡಿನ ಮ್ಯಾಲ ಬೆರಳಿಡ್ರಿ. ಆಫ್ ಮಾಡಿ ಅಂದೆ! ಕೀ ಇರುವಾಗ ಮುಟ್ಟಿದ್ರ ಆರ್‌ಎಫ್ ಸುಡ್ತೇತಿ, ಮ್ಯಾಲ ಸಣ್ಣ ಬಿಳೀ ಚುಕ್ಕಿ ಕಾಣ್ತೇತಿ, ಒಳಗ ವಾರ ತನಕ ನೋಯ್ತೇತಿ. 25 ವ್ಯಾಟ್ ಅಂದ್ರ 50 ಓಮಿನ ಮ್ಯಾಲ ಪೀಕ್ 50 ವೋಲ್ಟ್ ಇರ್ತೇತಿ, ಹಗುರ ತಗೋಬ್ಯಾಡ್ರಿ. ಬೋರ್ಡಿನ ಸ್ಕ್ರೂ ಒಂದೂ ಬಿಚ್ಚಿ ಇಡಬ್ಯಾಡ್ರಿ, ಅವ್ರ ಮ್ಯಾಲೇ ಫೈನಲ್ಲಿನ ಗ್ರೌಂಡ್ ನಿಂತಿರ್ತೇತಿ.

ಸೋಲ್ಡರ್ ಮಾಮ · ಶನಿವಾರ ಬೆಳಗ್ಗೆ

ಇಷ್ಟು ದಿನ ಓದ್ತಾ ಕೂತಿದ್ದೆ, ಮೈಸೂರಿಂದ. ಎರಡು ಮಾತು ಸೇರಿಸ್ತೀನಿ. ಬೈಯಾಸ್ ವೋಲ್ಟೇಜು (ಡಯೋಡ್ ತೆರೆಯೋ ಆ ಡಿಸಿ) ಕೀ ಒತ್ತಿ ಅಳೆಯೋವಾಗ ಡಿಜಿಟಲ್ ಮೀಟ್ರು ಆರ್‌ಎಫ್ ನುಂಗಿ ಹುಚ್ಚುಹುಚ್ಚಾಗಿ ತೋರಿಸತ್ತೆ, ಪ್ರೋಬಿನ ತುದಿಗೆ ಒಂದು 10ಕೆ ರೆಸಿಸ್ಟರ್ ಸುತ್ತಿಕೊಂಡು ಅದರ ಇನ್ನೊಂದು ಕಾಲಲ್ಲಿ ಮುಟ್ಟಿಸಿ. ಮೀಟ್ರಿನದು 10 ಮೆಗಾ ಓಮ್ ಇರೋದ್ರಿಂದ ರೀಡಿಂಗ್ ವ್ಯತ್ಯಾಸ ಆಗೋಲ್ಲ. ಅಳೆಯೋದು ಚೋಕಿನ ಡಿಸಿ ಕಡೆ ಮಾತ್ರ, ಡಯೋಡಿನ ಕಡೆ ಹೋಗ್ಬೇಡಿ.

ಇನ್ನೊಂದು ಆ ಹೊಸ ಹುಡುಗನಿಗೆ. ಆನ್‌ಲೈನಲ್ಲಿ ಕಮ್ಮಿ ರೇಟಿಗೆ ಬರೋ ಆರ್‌ಎಫ್ ಟ್ರಾನ್ಸಿಸ್ಟರು ಬಹಳ ಸಲ ಬೇರೆ ಯಾವುದಕ್ಕೋ ನಂಬರ್ ಕೆತ್ತಿ ಮಾರಿದ್ದು. ಈ 2ಎಸ್‌ಸಿ1971 ಅಂತ ತರಿಸಿ ನಾನೇ ಮೂರು ಸಲ ಟೋಪಿ ಹಾಕಿಸಿಕೊಂಡಿದ್ದೀನಿ. ಮತ್ತೆ ಹಳೇ ಸೆಟ್ಟುಗಳ ಬಿಳೀ ಪಿಂಗಾಣಿ ತಳದ ಫೈನಲ್ ಇರುತ್ತಲ್ಲ, ಅದನ್ನ ಒಡೀಬೇಡಿ, ಉಜ್ಜಬೇಡಿ. ಕೆಲವದ್ರಲ್ಲಿ ಬೆರಿಲಿಯಮ್ ಆಕ್ಸೈಡ್ ಇದೆ, ಆ ಪುಡಿ ಶ್ವಾಸಕೋಶಕ್ಕೆ ವಿಷ.

ಮಳೆಗಾಡು ಜೀಪು · ಭಾನುವಾರ ಮಧ್ಯಾಹ್ನ

ಸಿಕ್ತೂ ಸಿಕ್ತೂ ಸಿಕ್ತು.

ಸೆಟ್ ಆಫ್ ಮಾಡಿ ಫೈನಲ್ಲಿನ ಪಕ್ಕದ ಡಯೋಡು ಮುಟ್ಟಿದ್ರೆ ಚುರ್ ಅಂತು, ಪಕ್ಕದ ಕಾಯಿಲ್ಲು ಕೆಪಾಸಿಟರ್ರೆಲ್ಲ ತಣ್ಣಗಿವೆ. ಆಮೇಲೆ ಮಾಮ ಹೇಳಿದ ಹಾಗೆ 10ಕೆ ಸುತ್ಕೊಂಡು ನೋಡಿದೆ. 150 ಓಮಿನ ರೆಸಿಸ್ಟರ್ರು, ಅದ್ರ ಮೊದಲ್ನೇ ತುದೀಲಿ 8.0 ವೋಲ್ಟು, ಆಚೆ ತುದೀಲಿ 7.6. ಅಂದ್ರೆ 0.4 ಅಷ್ಟೇ ಬೀಳ್ತಿದೆ, ಲೆಕ್ಕ ಹಾಕಿದ್ರೆ 3 ಮಿಲಿ ಆಂಪ್ಸೂ ಇಲ್ಲ! ಮ್ಯಾನ್ಯುಯಲ್ಲಿನ ಸರ್ಕ್ಯೂಟ್ ನೋಡಿದ್ರೆ 40ರ ಹತ್ರ ಹರೀಬೇಕು. ರೆಸಿಸ್ಟರ್ ತಪ್ಪಲ್ಲ, ಅದಾದ್ಮೇಲೆ ಎಲ್ಲೋ ತಡೆ ಇದೆ.

ಭೂತಗನ್ನಡಿ ಹಿಡಿದು ನೋಡಿದ್ರೆ ಚೋಕಿನ ಒಂದು ಕಾಲಿನ ಸುತ್ತ ಕೂದಲೆಳೆ ಅಷ್ಟು ಸಣ್ಣ ಕಪ್ಪು ಉಂಗುರ. ಬರಿಗಣ್ಣಿಗೆ ಬೆಸುಗೆ ಪಳಪಳ ಅಂತಿತ್ತು, ನಾನು ಅದರ ಮೇಲೇ ನಾಲ್ಕು ಸಲ ಕಣ್ಣಾಡಿಸಿದ್ದೆ. ಹಲ್ಲುಕಡ್ಡಿಲಿ ಒತ್ತಿದ್ರೆ ಕಾಲು ಅಲ್ಲಾಡ್ತು. ಜೀಪಿನ ಕುಲುಕಾಟ, ಬಿಸಿ ತಣ್ಣಗೆ ಬಿಸಿ ತಣ್ಣಗೆ, ಬಿಟ್ಕೊಂಡಿದೆ. ಹಳೇ ಬೆಸುಗೆ ಪೂರ್ತಿ ತೆಗ್ದು, ಫ್ಲಕ್ಸ್ ಹಚ್ಚಿ ಹೊಸಾದು ಹಾಕ್ದೆ.

24 ವ್ಯಾಟು! 6.9 ಆಂಪ್ಸ್! ಡಯೋಡು ಬೆಚ್ಚಗೆ ಅಷ್ಟೇ. ಖರ್ಚು ವಾಯರಿಂದು ಬಿಟ್ರೆ ಬೆಸುಗೆ ತಂತಿ ಎರಡು ಇಂಚು.

ಹುಬ್ಬಳ್ಳಿ ವಯರ್‌ಲೆಸ್ · ಭಾನುವಾರ ಸಂಜೆ

ಶಬ್ಬಾಸ್! ಡಯೋಡ್ ಇಷ್ಟು ಬೆಂದೂ ಉಳೀತಲ್ಲ, ಅದರ ಪುಣ್ಯಾ. ಒಂದ್ ವಾರ ನೋಡ್ರಿ, ಪವರ್ ಮತ್ತ ಇಳದ್ರ ಅದನ್ನೂ ಬದಲಸ್ರಿ.

ಹೊಸ ಕಿವಿ · ಭಾನುವಾರ ಸಂಜೆ

ನಾನು ಹೇಳಿದ ಹಾಗೆ ಫೈನಲ್ ತೆಗ್ದಿದ್ರೆ ಒಳ್ಳೇ ಫೈನಲ್ ತೆಗ್ದು ನಕಲಿ ಫೈನಲ್ ಹಾಕಿ ಆಮೇಲೂ 9 ವ್ಯಾಟೇ ಬಂದು ಎಲ್ರೂ ನನ್ನ ಬೈತಿದ್ರಿ. ವಾಪಸ್ ತಗೊಂಡೆ ಮಾತು.

ಮಳೆಗಾಡು ಜೀಪು · ಮಂಗಳವಾರ ರಾತ್ರಿ

ಖುಷಿ ಎರಡೇ ದಿನ. ಹೋಗಿ ಕೊಪ್ಪದ ಗೆಳೆಯನ ಜೊತೆ ಸಿಂಪ್ಲೆಕ್ಸಲ್ಲಿ (ರಿಪೀಟ್ರು ಇಲ್ದೆ ಸೀದಾ) ಮಾತಾಡಿದೆ. ಮೊದ್ಲು ಎಸ್ 3 (ಸಿಗ್ನಲ್ ಮೀಟ್ರಿನ ಅಂಕ) ಅಂತಿದ್ದ, ಈಗ "3ಕ್ಕಿಂತ ಚೂರು ಮೇಲೆ" ಅಂತಾನೆ. 9ರಿಂದ 24 ವ್ಯಾಟ್ ಆಗಿದೆ ಮಾರಾಯ್ರೆ, ಮೂರು ಪಟ್ಟು ಹತ್ರ ಹತ್ರ!

ಸೋಲ್ಡರ್ ಮಾಮ · ಮಂಗಳವಾರ ರಾತ್ರಿ

9ರಿಂದ 24 ಅಂದ್ರೆ 4 ಡಿಬಿ ಚಿಲ್ರೆ. ಒಂದು ಎಸ್ ಯೂನಿಟ್ಟಿಗೇ 6 ಡಿಬಿ. ಅವನು ಸರಿಯಾಗೇ ಹೇಳಿದಾನೆ. ಒಂದು ಯೂನಿಟ್ ಏರಬೇಕು ಅಂದ್ರೆ ನಾಲ್ಕು ಪಟ್ಟು ವ್ಯಾಟ್ ಬೇಕು, ಅದಕ್ಕೇ ಪವರ್ ಹಿಂದೆ ಬಿದ್ದವರಿಗಿಂತ ಆಂಟೆನಾ ಹಿಂದೆ ಬಿದ್ದವರು ಸುಖವಾಗಿರ್ತಾರೆ. ಜೀಪಿನ ಮೇಲೆ ಆಂಟೆನಾ ಎಲ್ಲಿದೆ? ಮೇಲೆ ತಗಡೋ ಟಾರ್ಪಾಲೋ?

ಮಳೆಗಾಡು ಜೀಪು · ಮಂಗಳವಾರ ರಾತ್ರಿ

ಟಾರ್ಪಾಲು. ಆಂಟೆನಾ ಮುಂದಿನ ಬಂಪರ್ ಮೇಲೆ, ಕ್ವಾರ್ಟರ್ ವೇವ್ (ಅಲೆಯ ಕಾಲು ಭಾಗ ಉದ್ದದ) ಕಡ್ಡಿ. ಕೇಬಲ್ಲು ಆರ್‌ಜಿ 58, 5 ಮೀಟ್ರು, ಉಳಿದಿದ್ದು ಸೀಟ್ ಕೆಳಗೆ ಸುತ್ತಿಟ್ಟಿದ್ದೀನಿ.

ಬಂದರು ರೇಡಿಯೊ · ಮಂಗಳವಾರ ರಾತ್ರಿ

ಅಯ್ಯೋ ದೇವರೇ. ಬಂಪರಿನಲ್ಲಿ ಕಡ್ಡಿ, ಹಿಂದೆ ಬಾನೆಟ್ಟು, ಎಂಜಿನ್ನು, ನೀವು. ಅದು ಜೀಪಿಗೇ ಮಾತಾಡ್ತಾ ಉಂಟು. 5 ಮೀಟರ್ ಆರ್‌ಜಿ 58ರಲ್ಲಿ 1 ಡಿಬಿ ಹೋಗ್ತದೆ, ನಿಮ್ಮ 24 ಅಲ್ಲಿಗೆ 19 ಆಯ್ತು. ಕೇಬಲ್ ಬೇಕಾದಷ್ಟೇ ಇಡಿ, ಕಡ್ಡಿ ಮೇಲೆ ಏರಿಸಿ.

ಮಳೆಗಾಡು ಜೀಪು · ಮುಂದಿನ ಭಾನುವಾರ

ಮೇಲಿನ ಕಬ್ಬಿಣದ ಫ್ರೇಮಿಗೆ ಒಂದು ಮೀಟ್ರು ಚೌಕದ ಜಿಐ ಶೀಟು ಬೋಲ್ಟ್ ಹಾಕಿ ಕೂರಿಸಿ ಅದ್ರ ನಟ್ಟನಡುವೆ ತೂತು ಕೊರೆದು ಆಂಟೆನಾ ನಿಲ್ಲಿಸಿದೆ. ಕಡ್ಡಿ 49 ಸೆಂಟಿಮೀಟ್ರಿಗೆ ಕತ್ತರಿಸಿದ್ಮೇಲೆ ಎಸ್‌ಡಬ್ಲ್ಯುಆರ್ (ಪವರ್ ಎಷ್ಟು ವಾಪಸ್ ಬರತ್ತೆ ಅನ್ನೋ ಅಳತೆ, 1 ಅಂದ್ರೆ ಏನೂ ಇಲ್ಲ) 1.3. ಕೇಬಲ್ಲು 3 ಮೀಟ್ರು. ಕೊಪ್ಪದವ್ನು ಈಗ ಎಸ್ 5 ಅಂತಾನೆ, ಗುಸುಗುಸು ಹೋಯ್ತು. ಹೆಂಡ್ತಿ ಮಾತ್ರ ಜೀಪಿನ ಮೇಲೆ ದೋಸೆ ಕಾವಲಿ ಯಾಕಿಟ್ಟಿದ್ದೀರಿ ಅಂತ ಕೇಳ್ತಾಳೆ.

ಎಲ್ರಿಗೂ ಥ್ಯಾಂಕ್ಸ್. ಅಣ್ಣನ 3ರಿಂದ 30ರ ಮೀಟ್ರು ಯಾರಿಗಾದ್ರೂ ಬೇಕಾ, ಅವ್ನೇ ಬೇಡ ಅಂದ, ಕೊರಿಯರ್ ಖರ್ಚು ಕೊಟ್ರೆ ಸಾಕು.

ಹೊಸ ಕಿವಿ · ಮುಂದಿನ ಭಾನುವಾರ

ನನಗೆ ಕಳ್ಸಿ ಗುರು. ಎಚ್‌ಎಫ್ ಸೆಟ್ಟು ತಗೊಳೋ ಪ್ಲಾನಿದೆ.

ಹುಬ್ಬಳ್ಳಿ ವಯರ್‌ಲೆಸ್ · ಮುಂದಿನ ಭಾನುವಾರ

ತಗೋರಿ ತಮ್ಮಾ, ಅಲ್ಲಿ ಅದು ಖರೇನ ಹೇಳ್ತೇತಿ. ಸೆಟ್ಟು ಬಂದಮ್ಯಾಲ ಪವರ್ ಕಮ್ಮಿ ಅಂತ ಬರೀರಿ, ನಾ ಇಲ್ಲೇ ಇರ್ತೀನಿ.